ಮೆನೋಪಾಸ್ ಹಾಟ್ ಫ್ಲ್ಯಾಶ್ ಹತೋಟಿಗೆ ತರೋದು ಹೇಗೆ: ಯಾವುದು ಮೊದ್ಲು, ಯಾವುದು ಆಮೇಲೆ

"ಎಲ್ಲಾ ಮಾಡಿ ನೋಡಿದೀನಿ, ಏನೂ ಪ್ರಯೋಜನ ಆಗ್ಲಿಲ್ಲ." ಹಾಟ್ ಫ್ಲ್ಯಾಶ್, ಅಂದ್ರೆ ಮುಟ್ಟು ನಿಲ್ಲೋ ಕಾಲದಲ್ಲಿ (ಮೆನೋಪಾಸ್) ಒಮ್ಮೆಲೇ ಮೈ ಬಿಸಿಯಾಗಿ ಬೆವರೋದು, ಅದರ ವಿಷಯ ಬಂದಾಗೆಲ್ಲ ಈ ಮಾತು ಕೇಳಿಬರುತ್ತೆ. ಏನೇನು ಮಾಡಿದ್ರಿ ಅಂತ ಕೇಳ್ತಾ ಹೋದ್ರೆ, ಒಂದೇ ವಾರದಲ್ಲಿ ಕಾಫಿ ಬಿಟ್ಟಿರ್ತಾರೆ, ಯಾರೋ ಹೇಳಿದ ಗಿಡಮೂಲಿಕೆ ಕ್ಯಾಪ್ಸೂಲ್ ಶುರು ಮಾಡಿರ್ತಾರೆ, ವಾಕಿಂಗ್ ಹಿಡಿದಿರ್ತಾರೆ, ಹದಿನೈದು ದಿನಕ್ಕೆ ಬೇಜಾರಾಗಿ ಎಲ್ಲಾನೂ ಒಟ್ಟಿಗೆ ಬಿಟ್ಟಿರ್ತಾರೆ. ಮೊದ್ಲು ದಿನಕ್ಕೆ ಎಷ್ಟು ಸಲ ಬರ್ತಿತ್ತು, ಈಗ ಎಷ್ಟು ಅಂದ್ರೆ "ತುಂಬಾ" ಅನ್ನೋದು ಬಿಟ್ಟು ಬೇರೆ ಉತ್ತರ ಇರಲ್ಲ. ಡಾಕ್ಟರಿಗೆ ಹೇಳೋದು ಕಟ್ಟಕಡೆಗೆ, ಅದೂ ಇನ್ನೇನಕ್ಕೋ ಹೋದಾಗ ಎದ್ದು ಬರೋ ಹೊತ್ತಲ್ಲಿ ಒಂದು ಮಾತು.

ಇಲ್ಲಿ ಹೇಳೋ ಕೆಲಸಗಳಲ್ಲಿ ಯಾವುದೂ ಕಷ್ಟದ್ದಲ್ಲ, ಆದ್ರೆ ಒಂದರ ಹಿಂದೆ ಒಂದು ಮಾಡ್ಬೇಕು. ಹಿಂದುಮುಂದು ಆದ್ರೆ ಯಾವುದು ಕೆಲಸ ಮಾಡ್ತು ಯಾವುದು ಮಾಡ್ಲಿಲ್ಲ ಅಂತ ಗೊತ್ತೇ ಆಗಲ್ಲ, ಕೊನೆಗೆ "ನನ್ ಹಣೆಬರಹ" ಅಂತ ಸುಮ್ಮನಾಗಿಬಿಡ್ತೀವಿ. ಸುಮ್ಮನಾಗ್ಬೇಕಾದ ಕಾಯಿಲೆ ಅಲ್ಲ ಇದು. ಜೋರಾಗಿ ಬರೋ ಹಾಟ್ ಫ್ಲ್ಯಾಶ್‌ಗೆ ಕೆಲಸ ಮಾಡೋ ಚಿಕಿತ್ಸೆ ಇದೆ, ಒಂದಲ್ಲ ಹಲವು ಇವೆ.

ಶುರು ಮಾಡೋ ಮುಂಚೆ ಕೈಗೆ ಸಿಗೋ ಹಾಗೆ ಇಟ್ಕೋಬೇಕಾದ್ದು

ಒಂದು ಚಿಕ್ಕ ನೋಟ್‌ಬುಕ್ಕು, ಪೆನ್ನು. ಮೊಬೈಲಲ್ಲೂ ಬರ್ಕೋಬಹುದು, ಆದ್ರೆ ರಾತ್ರಿ ಎದ್ದು ಸ್ಕ್ರೀನ್ ನೋಡಿದ್ರೆ ಇರೋ ನಿದ್ದೆನೂ ಹೋಗುತ್ತೆ, ಅದಕ್ಕೆ ಮಂಚದ ಪಕ್ಕ ಪೇಪರ್ರೇ ವಾಸಿ. ಜ್ವರ ನೋಡೋ ಥರ್ಮಾಮೀಟರ್, ಆಗುತ್ತೆ ಅಂದ್ರೆ ಮನೇಲಿ ಬಿಪಿ ನೋಡೋ ಮಷೀನು. ಸದ್ಯಕ್ಕೆ ತಗೋತಿರೋ ಎಲ್ಲಾ ಮಾತ್ರೆಗಳ ಪಟ್ಟಿ, ವಿಟಮಿನ್ನು, ಗಿಡಮೂಲಿಕೆ, ಹೋಮಿಯೋಪತಿ ಎಲ್ಲಾ ಸೇರಿಸಿ. ರಾತ್ರಿಗೆ ಒಂದು ಫ್ಯಾನು, ಎರಡು ಜೊತೆ ತೆಳು ಕಾಟನ್ ಬಟ್ಟೆ, ಒಂದು ಟವೆಲ್ಲು, ಒಂದು ಬಾಟ್ಲಿ ತಣ್ಣೀರು. ಇಷ್ಟು ಸಾಕು.

1. ಬರ್ತಿರೋದು ಹಾಟ್ ಫ್ಲ್ಯಾಶೇನಾ ಅಂತ ಮೊದ್ಲು ಗಟ್ಟಿ ಮಾಡ್ಕೊಳ್ಳಿ

ನಲವತ್ತು ದಾಟಿದ ಹೆಂಗಸರಿಗೆ ಮೈ ಬಿಸಿ ಆಯ್ತು, ಬೆವರು ಬಂತು ಅಂದ ತಕ್ಷಣ ಮನೆಯವರೂ ಅಕ್ಕಪಕ್ಕದವರೂ ಮೆನೋಪಾಸ್ ಅಂತ ತೀರ್ಪು ಕೊಟ್ಟುಬಿಡ್ತಾರೆ. ಸಾಮಾನ್ಯವಾಗಿ ಸರಿನೇ ಇರುತ್ತೆ, ಆದ್ರೆ ಎಲ್ಲಾ ಸಲ ಅಲ್ಲ.

ಹಾಟ್ ಫ್ಲ್ಯಾಶ್ ಬರೋ ರೀತಿ ಹೆಚ್ಚುಕಮ್ಮಿ ಹೀಗಿರುತ್ತೆ. ಎದೆ, ಕತ್ತು, ಮುಖದ ಕಡೆಗೆ ಒಮ್ಮೆಲೇ ಝಗ್ ಅಂತ ಬಿಸಿ ಏರುತ್ತೆ, ಮುಖ ಕೆಂಪಾಗಬಹುದು, ಎದೆ ಸ್ವಲ್ಪ ಜೋರಾಗಿ ಹೊಡ್ಕೊಳ್ಳುತ್ತೆ, ಬೆವರು ಕಿತ್ಕೊಂಡು ಬರುತ್ತೆ, ಸಾಮಾನ್ಯವಾಗಿ 1ರಿಂದ 5 ನಿಮಿಷದೊಳಗೆ ಇಳಿಯುತ್ತೆ, ಇಳಿದ ಮೇಲೆ ಚಳಿ ಚಳಿ ಅನಿಸುತ್ತೆ. ಕೆಲವರಿಗೆ ಬಿಸಿ ಏರೋಕೆ ಮುಂಚೆ ಏನೋ ಗಾಬರಿ, ಕಾರಣ ಇಲ್ಲದ ತಳಮಳ ಆಗುತ್ತೆ, ಅದೂ ಇದರ ಭಾಗವೇ. ಜೊತೆಗೆ ಮುಟ್ಟು ಏರುಪೇರಾಗಿರುತ್ತೆ, ಇಲ್ಲ ನಿಂತಿರುತ್ತೆ. ಸತತ 12 ತಿಂಗಳು ಮುಟ್ಟಾಗದಿದ್ರೆ ಮೆನೋಪಾಸ್ ಆಗಿದೆ ಅಂತ ಲೆಕ್ಕ, ಸಾಮಾನ್ಯವಾಗಿ 45ರಿಂದ 55 ವಯಸ್ಸಿನ ಒಳಗೆ ಆಗುತ್ತೆ. ಆದ್ರೆ ಹಾಟ್ ಫ್ಲ್ಯಾಶ್ ಅದಕ್ಕೂ ವರ್ಷಗಟ್ಟಲೆ ಮುಂಚೆನೇ ಶುರು ಆಗಬಹುದು, ಮುಟ್ಟು ಇನ್ನೂ ಬರ್ತಾ ಇದ್ದಾಗಲೇ. "ಇನ್ನೂ ಪೀರಿಯಡ್ಸ್ ಇದೆಯಲ್ಲ, ಹಾಗಾದ್ರೆ ಮೆನೋಪಾಸ್ ಅಲ್ಲ" ಅಂತ ತಳ್ಳಿಹಾಕೋದು ತಪ್ಪು.

ಒಳಗೆ ಆಗೋದು ಇಷ್ಟು: ಮೆದುಳಲ್ಲಿ ಹೈಪೋಥಲಾಮಸ್ ಅನ್ನೋ ಜಾಗ ಮೈಯ ಶಾಖ ನೋಡ್ಕೊಳ್ಳುತ್ತೆ. ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಇಳಿದಾಗ ಅಲ್ಲಿನ ಒಂದು ಗುಂಪು ನರಕೋಶಗಳು ಅತಿಯಾಗಿ ಚುರುಕಾಗ್ತವೆ, ಆಮೇಲೆ ಮೈಯ ಶಾಖ ಕೂದಲೆಳೆಯಷ್ಟು ಏರಿದ್ರೂ "ಸೆಕೆ ಆಗೋಯ್ತು, ತಣ್ಣಗೆ ಮಾಡು" ಅಂತ ಆರ್ಡರ್ ಹೋಗುತ್ತೆ, ಚರ್ಮದ ರಕ್ತನಾಳ ಹಿಗ್ಗಿ ಬೆವರು ಸುರಿಯುತ್ತೆ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಔಷಧಿ ವಿಷಯ ಬಂದಾಗ ಬೇಕಾಗುತ್ತೆ.

ಈ ಹಂತದಲ್ಲಿ ಥರ್ಮಾಮೀಟರ್ ಯಾಕೆ ಅಂದ್ರೆ, ಹಾಟ್ ಫ್ಲ್ಯಾಶಲ್ಲಿ ಚರ್ಮ ಬಿಸಿ ಆಗುತ್ತೆ, ಜ್ವರ ಬರಲ್ಲ. 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಮೇಲೆ ತೋರಿಸಿದ್ರೆ ಅದು ಬೇರೆ ವಿಷಯ. ಥೈರಾಯ್ಡ್ ಹೆಚ್ಚಾದ್ರೂ ಸೆಕೆ, ಬೆವರು, ಎದೆ ಹೊಡ್ಕೊಳ್ಳೋದು ಎಲ್ಲಾ ಬರುತ್ತೆ, ಆದ್ರೆ ಅದು ಬಂದು ಹೋಗೋ ಥರ ಅಲ್ಲ, ಇಡೀ ದಿನ ಇರುತ್ತೆ, ಕೈ ನಡುಗುತ್ತೆ, ತೂಕ ಇಳಿಯುತ್ತೆ. ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೋತಿರೋರು ದಿಢೀರ್ ಬೆವರಿದಾಗ ಮೊದ್ಲು ಶುಗರ್ ಚೆಕ್ ಮಾಡ್ಲೇಬೇಕು, ಶುಗರ್ ಕೆಳಗಿಳಿದಾಗ ಬರೋ ಬೆವರನ್ನ ಹಾಟ್ ಫ್ಲ್ಯಾಶ್ ಅನ್ಕೊಂಡು ಫ್ಯಾನ್ ಹಾಕ್ಕೊಂಡು ಕೂತ್ರೆ ಅಪಾಯ. ಕೆಲವು ಔಷಧಿಗಳೂ ಕಾರಣ ಆಗ್ತವೆ: ಸ್ತನ ಕ್ಯಾನ್ಸರಿಗೆ ಕೊಡೋ ಟ್ಯಾಮಾಕ್ಸಿಫೆನ್, ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳು, ಬಿಪಿಗೆ ಕೊಡೋ ನಿಫೆಡಿಪಿನ್, ಕೊಲೆಸ್ಟ್ರಾಲಿಗೆ ಕೊಡೋ ನಯಾಸಿನ್. ಮಾತ್ರೆ ಪಟ್ಟಿ ಬರ್ಕೊಳ್ಳಿ ಅಂದಿದ್ದು ಇದಕ್ಕೂ ಸೇರಿ.

ಇನ್ನೊಂದು. 40ರ ಒಳಗೇ ಮುಟ್ಟು ನಿಂತು ಹಾಟ್ ಫ್ಲ್ಯಾಶ್ ಶುರುವಾಗಿದ್ರೆ ಮುಂದಿನ ಹಂತ ಯಾವುದೂ ಬೇಡ, ನೇರವಾಗಿ ಸ್ತ್ರೀರೋಗ ತಜ್ಞರ ಹತ್ರ ಹೋಗಿ. ಅಷ್ಟು ಬೇಗ ಈಸ್ಟ್ರೋಜನ್ ಇಳಿದ್ರೆ ಮೂಳೆಗೂ ಹೃದಯಕ್ಕೂ ತೊಂದರೆ, ಹಾಟ್ ಫ್ಲ್ಯಾಶ್ ಬರೀ ಸೂಚನೆ ಅಷ್ಟೇ. ಆಪರೇಷನ್ನಲ್ಲಿ ಎರಡೂ ಅಂಡಾಶಯ ತೆಗೆದಿರೋರಿಗೆ ಒಂದೇ ಸಲಕ್ಕೆ, ತುಂಬಾ ಜೋರಾಗಿ ಶುರುವಾಗುತ್ತೆ, ಅವರೂ ಕಾಯೋದು ಬೇಡ.

2. ಎರಡು ವಾರ ಏನೂ ಬದಲಾಯಿಸ್ದೆ ಬರೀ ಬರ್ಕೊಳ್ಳಿ

ಹೆಚ್ಚಿನವರು ಹಾರಿಸೋ ಹಂತ ಇದೇ, ಮುಂದಿನದೆಲ್ಲಾ ಕೈಕೊಡೋದೂ ಇದರಿಂದಲೇ. ಯಾವ ಚಿಕಿತ್ಸೆ ಆದ್ರೂ ಕೆಲಸ ಮಾಡ್ತಾ ಅಂತ ಹೇಳೋಕೆ ಮೊದಲಿನ ಲೆಕ್ಕ ಬೇಕಲ್ವಾ. ಅದಕ್ಕಿಂತ ದೊಡ್ಡ ಕಾರಣ ಒಂದಿದೆ. ಹಾಟ್ ಫ್ಲ್ಯಾಶ್ ಔಷಧಿಗಳನ್ನ ಜನರಿಗೆ ಕೊಟ್ಟು ಪರೀಕ್ಷಿಸಿ ನೋಡೋ ಟ್ರಯಲ್‌ಗಳಲ್ಲಿ ಔಷಧಿನೇ ಇಲ್ಲದ ಖಾಲಿ ಮಾತ್ರೆ ಕೊಟ್ಟವರಿಗೂ ಸಂಖ್ಯೆ ಗಣನೀಯವಾಗಿ, ಕೆಲವು ಸಲ ಅರ್ಧದಷ್ಟು ಇಳಿದಿದೆ. ಹಾಗಾಗಿ "ತಗೊಂಡೆ, ಸ್ವಲ್ಪ ಪರವಾಗಿಲ್ಲ ಅನಿಸ್ತು" ಅನ್ನೋದರ ಮೇಲೆ ಒಂದು ಕ್ಯಾಪ್ಸೂಲಿಗೆ ವರ್ಷಾನುಗಟ್ಟಲೆ ದುಡ್ಡು ಹಾಕ್ಬೇಡಿ.

ಬರ್ಕೋಬೇಕಾದ್ದು ನಾಕೇ: ಟೈಮು, ಜೋರು ಎಷ್ಟು, ಅದಕ್ಕೆ ಸ್ವಲ್ಪ ಮುಂಚೆ ಏನ್ ಮಾಡ್ತಿದ್ರಿ, ರಾತ್ರಿ ಆದ್ರೆ ಎಚ್ಚರ ಆಯ್ತಾ ಇಲ್ವಾ. ಜೋರಿಗೆ ಟ್ರಯಲ್‌ಗಳಲ್ಲಿ ಬಳಸೋ ಅಳತೆನೇ ಇಟ್ಕೊಳ್ಳಿ, ತುಂಬಾ ಸುಲಭ. ಬಿಸಿ ಆಯ್ತು, ಬೆವರಲಿಲ್ಲ ಅಂದ್ರೆ 1. ಬಿಸಿ ಆಗಿ ಬೆವರಿತು, ಆದ್ರೆ ಮಾಡ್ತಿದ್ದ ಕೆಲಸ ಮುಂದುವರಿಸಿದ್ರಿ ಅಂದ್ರೆ 2. ಬೆವರಿ, ಕೆಲಸ ನಿಲ್ಲಿಸಲೇಬೇಕಾಯ್ತು ಅಂದ್ರೆ 3.

ಬರೆಯೋದು ಹೀಗಿರ್ಲಿ:

ಸೋಮವಾರ, ಬೆ. 10.20, ಜೋರು 2, ಮೀಟಿಂಗಿಗೆ ಓಡ್ತಿದ್ದೆ.
ಸೋಮವಾರ, ಸಂ. 6.45, ಜೋರು 1, ಒಲೆ ಮುಂದೆ.
ಮಂಗಳವಾರ, ರಾ. 2.40, ಜೋರು 3, ಎದ್ದು ಬಟ್ಟೆ ಬದಲಾಯಿಸ್ದೆ, 4ರವರೆಗೂ ನಿದ್ದೆ ಇಲ್ಲ.

ಪ್ರಬಂಧ ಬರೀಬೇಡಿ, ಒಂದು ಸಾಲು ಸಾಕು, ಜಾಸ್ತಿ ಬರೆಯೋಕೆ ಹೋದ್ರೆ ಮೂರನೇ ದಿನಕ್ಕೆ ನಿಲ್ಲಿಸ್ತೀರ. ಮುಟ್ಟು ಬಂದ ದಿನನೂ ಗುರುತು ಹಾಕ್ಕೊಳ್ಳಿ. ಎರಡು ವಾರ ಆದ್ಮೇಲೆ ವಾರಕ್ಕೆ ಒಟ್ಟು ಎಷ್ಟು, ಅದರಲ್ಲಿ 2 ಮತ್ತು 3 ಎಷ್ಟು, ನಿದ್ದೆ ಕೆಟ್ಟ ರಾತ್ರಿ ಎಷ್ಟು ಅಂತ ಎಣಿಸಿ. ಔಷಧಿಗಳ ದೊಡ್ಡ ಟ್ರಯಲ್‌ಗಳಿಗೆ ಸಾಮಾನ್ಯವಾಗಿ ದಿನಕ್ಕೆ 7 ಅಥವಾ ವಾರಕ್ಕೆ 50ರಷ್ಟು ಮಧ್ಯಮದಿಂದ ಜೋರಿನವು ಬರ್ತಿರೋರನ್ನ ತಗೋತಾರೆ. ಹಾಗಂತ ನಿಮ್ದು 20 ಇದ್ರೆ ಚಿಕಿತ್ಸೆ ಕೇಳಬಾರದು ಅಂತಲ್ಲ. ನಿದ್ದೆ ಹೋಗ್ತಿದೆ, ಕೆಲಸ ಕೆಡ್ತಿದೆ ಅಂದ್ರೆ 5 ಬಂದ್ರೂ ಅದು ಕೇಳೋ ವಿಷಯವೇ.

3. ಬಂದ ಹೊತ್ತಲ್ಲಿ ಏನ್ ಮಾಡ್ಬೇಕು

ಲೆಕ್ಕ ಬರೀತಾ ಇರುವಾಗಲೇ ಇದನ್ನ ಅಭ್ಯಾಸ ಮಾಡ್ಕೋಬಹುದು, ಇದು ಸಂಖ್ಯೆ ಇಳಿಸಲ್ಲ, ಆ ಎರಡ್ಮೂರು ನಿಮಿಷ ದಾಟಿಸುತ್ತೆ ಅಷ್ಟೇ. ಇದರಿಂದಲೇ ಹಾಟ್ ಫ್ಲ್ಯಾಶ್ ನಿಲ್ಲುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಬಿಸಿ ಏರ್ತಿದೆ ಅಂತ ಗೊತ್ತಾದ ಕ್ಷಣ ಮೇಲಿನ ಒಂದು ಪದರ ಬಟ್ಟೆ ತೆಗೀರಿ, ಅದಕ್ಕೇ ದಪ್ಪಂದು ಒಂದೇ ಹಾಕೋ ಬದಲು ತೆಳ್ಳಗಿರೋದು ಎರಡು ಹಾಕೋದು, ಕುತ್ತಿಗೆ ಹತ್ರ ಬಿಗಿ ಇಲ್ದೇ ಇರೋದು. ಮಣಿಕಟ್ಟಿಗೆ, ಕತ್ತಿನ ಹಿಂಭಾಗಕ್ಕೆ ತಣ್ಣೀರು, ಒಂದೆರಡು ಗುಟುಕು ಕುಡೀರಿ. ಉಸಿರು ನಿಧಾನ ಮಾಡಿ, ನಿಮಿಷಕ್ಕೆ 6ರಿಂದ 8 ಉಸಿರು, ಹೊಟ್ಟೆಯಿಂದ, ಒಳಗೆ ಎಳ್ಕೊಳ್ಳೋದಕ್ಕಿಂತ ಬಿಡೋದು ಉದ್ದ.

ಇಲ್ಲಿ ಆಗೋ ತಪ್ಪು ಅಂದ್ರೆ ತಡೆಯೋಕೆ ಹೊಡೆದಾಡೋದು. "ಅಯ್ಯೋ ಎಲ್ರೂ ನೋಡ್ತಿದಾರೆ, ಮುಖ ಕೆಂಪಾಗಿದೆ" ಅನ್ನೋ ಯೋಚನೆ ಬಂದಷ್ಟೂ ಗಾಬರಿ ಏರುತ್ತೆ, ಗಾಬರಿ ಏರಿದಷ್ಟೂ ಸಂಕಟ ಜಾಸ್ತಿ. ನಿಜ ಹೇಳ್ಬೇಕಂದ್ರೆ ಎದುರಿಗಿರೋರಿಗೆ ನಿಮಗೆ ಅನಿಸಿದಷ್ಟು ಕಾಣಿಸಲ್ಲ. "ಎರಡು ನಿಮಿಷ, ಸೆಕೆ ಆಗ್ತಿದೆ" ಅಂತ ಬಾಯ್ಬಿಟ್ಟು ಹೇಳಿ ಕಿಟಕಿ ತೆಗೆದ್ರೆ ಮುಗೀತು.

4. ರಾತ್ರಿನ ಬೇರೆಯಾಗೇ ನೋಡ್ಕೊಳ್ಳಿ

ಹಗಲಿನದ್ದು ಮುಜುಗರ, ರಾತ್ರಿದ್ದು ಮನುಷ್ಯನ್ನ ಹಣ್ಣು ಮಾಡೋದು. ತಿಂಗಳುಗಟ್ಟಲೆ ನಿದ್ದೆ ಕೆಟ್ಟು, ಹಗಲು ಸಿಡುಕು, ಮರೆವು, ಕಣ್ಣಲ್ಲಿ ನೀರು, ಆಮೇಲೆ ಎಲ್ರೂ "ಇವಳಿಗೆ ಏನಾಗಿದೆ" ಅನ್ನೋದು. ಹಾಗಾಗಿ ಒಂದೇ ಹಂತ ಗಟ್ಟಿಯಾಗಿ ಮಾಡೋಕೆ ಆಗೋದು ಅಂದ್ರೆ ಇದನ್ನ ಮಾಡಿ.

ರಾತ್ರಿ ನಡೆಯೋದು ಗಮನಿಸಿ ನೋಡಿ. ನಿದ್ದೆಗಣ್ಣಲ್ಲೇ ಹೊದಿಕೆ ಒದ್ದಿರ್ತೀವಿ, ಕತ್ತಿನ ಹಿಂದೆ ಕೂದಲೆಲ್ಲ ಒದ್ದೆ, ಬಟ್ಟೆ ಬೆನ್ನಿಗೆ ಅಂಟ್ಕೊಂಡಿರುತ್ತೆ. ಐದು ನಿಮಿಷಕ್ಕೆ ಬಿಸಿ ಇಳಿಯುತ್ತೆ, ಈಗ ಅದೇ ಒದ್ದೆ ಬಟ್ಟೆಲಿ ಫ್ಯಾನ್ ಗಾಳಿಗೆ ನಡುಕ. ಹೊದಿಕೆ ಎಳ್ಕೊಂಡು ಗುಬ್ಬಚ್ಚಿ ಥರ ಮುದುರ್ಕೋತೀವಿ, ಮೈ ಮತ್ತೆ ಬಿಸಿ ಆಗುತ್ತೆ, ಮುಂದಿನದಕ್ಕೆ ನಾವೇ ದಾರಿ ಮಾಡ್ಕೊಟ್ಟ ಹಾಗೆ. ಈ ಸುತ್ತು ಮುರಿಯೋದೇ ಕೆಲಸ.

ಮಲಗೋ ಮುಂಚೆನೇ ಎಲ್ಲಾ ಜೋಡಿಸಿಡಿ. ರೂಮು ತಣ್ಣಗಿರ್ಲಿ, ಎಷ್ಟು ತಣ್ಣಗೆ ಅಂದ್ರೆ ಹೊದಿಕೆ ಇಲ್ದೆ ಸ್ವಲ್ಪ ಚಳಿ ಅನಿಸೋಷ್ಟು. ದಪ್ಪ ರಗ್ಗು ಒಂದರ ಬದಲು ತೆಳು ಹೊದಿಕೆ ಎರಡು, ಪಕ್ಕದಲ್ಲಿ ಮಲಗೋರ ಹೊದಿಕೆ ಬೇರೆ. ಹಾಸಿಗೆ ಮೇಲೆ ಒಂದು ಟವೆಲ್ ಹಾಸಿ ಮಲಗಿ, ಒದ್ದೆ ಆದ್ರೆ ಎಳೆದು ಬಿಸಾಕಿದ್ರೆ ಆಯ್ತು, ನಡುರಾತ್ರಿ ಬೆಡ್‌ಶೀಟ್ ಬದಲಾಯಿಸೋ ಗೋಳಿಲ್ಲ. ಒಣಗಿದ ಬಟ್ಟೆ ಕೈಚಾಚಿದ್ರೆ ಸಿಗೋ ಕಡೆ, ಕತ್ತಲಲ್ಲೇ ಹಾಕ್ಕೊಳ್ಳೋ ಹಾಗೆ. ಎಚ್ಚರ ಆದಾಗ ಲೈಟ್ ಹಾಕ್ಬೇಡಿ, ಟೈಮ್ ನೋಡಿ ಬರೆಯೋ ಗೀಳೂ ಬೇಡ, ಒಂದು ಗೆರೆ ಎಳೆದು ಬೆಳಿಗ್ಗೆ ಎಣಿಸಿ, ಟೈಮು ಜೋರು ಆಗ ಅಂದಾಜಲ್ಲಿ ಬರ್ಕೊಂಡ್ರೆ ಸಾಕು.

ಒದ್ದೆ ಆಗಿದ್ರೆ ಎದ್ದು ಬದಲಾಯಿಸಿಯೇ ಮಲಗಿ, "ಇರ್ಲಿ ಬಿಡು ಒಣಗುತ್ತೆ" ಅಂತ ಬಿದ್ಕೊಂಡ್ರೆ ಮತ್ತೆ ಅದೇ ಸುತ್ತು. ಇಪ್ಪತ್ತು ನಿಮಿಷ ಆದ್ರೂ ನಿದ್ದೆ ಬರ್ಲಿಲ್ಲ ಅನಿಸಿದ್ರೆ ಎದ್ದು ಬೇರೆ ಕಡೆ ಕೂತು ಏನಾದ್ರೂ ಸಪ್ಪೆ ಕೆಲಸ ಮಾಡಿ, ತೂಕಡಿಕೆ ಬಂದಾಗ ವಾಪಸ್ ಹೋಗಿ. ಬೆಳಿಗ್ಗೆ ಏಳೋ ಟೈಮು ಮಾತ್ರ ಬದಲಾಯಿಸ್ಬೇಡಿ. ನಿದ್ದೆ ಬರ್ಲಿ ಅಂತ ರಾತ್ರಿ ಸ್ವಲ್ಪ ಮದ್ಯ ತಗೋಳೋ ಅಭ್ಯಾಸ ಇದ್ರೆ ಅದು ನಿದ್ದೆ ಹತ್ತಿಸಿ ನಡುರಾತ್ರಿಗೆ ಎಬ್ಬಿಸುತ್ತೆ, ಹಾಟ್ ಫ್ಲ್ಯಾಶನ್ನೂ ಕೆರಳಿಸಬಹುದು.

ಗೊರಕೆ ಜೋರಿದ್ದು, ಉಸಿರು ಕಟ್ಟಿದ ಹಾಗಾಗಿ ಬೆವರಿ ಏಳ್ತಿದ್ರೆ ಅದು ಸ್ಲೀಪ್ ಆಪ್ನಿಯಾ, ಅಂದ್ರೆ ನಿದ್ದೆಲಿ ಉಸಿರು ನಿಂತು ನಿಂತು ಬರೋ ತೊಂದರೆ ಇರಬಹುದು. ಮೆನೋಪಾಸ್ ಆದ್ಮೇಲೆ ಇದು ಹೆಂಗಸರಲ್ಲಿ ಹೆಚ್ಚಾಗುತ್ತೆ, ಡಾಕ್ಟರಿಗೆ ಹೇಳ್ಲೇಬೇಕು.

5. ಟ್ರಿಗರ್ ಹುಡುಕೋದು, ಒಂದು ಸಲಕ್ಕೆ ಒಂದೇ

ಈಗ ಎರಡು ವಾರದ ಲೆಕ್ಕ ತೆಗೆದು "ಮುಂಚೆ ಏನ್ ಮಾಡ್ತಿದ್ರಿ" ಅನ್ನೋ ಭಾಗ ಓದಿ. ಹಾಟ್ ಫ್ಲ್ಯಾಶನ್ನ ಕೆರಳಿಸೋ ಟ್ರಿಗರ್ ಅಂತ ಹೆಚ್ಚಾಗಿ ಸಿಗೋದು: ಮದ್ಯ, ಬಿಸಿ ಬಿಸಿ ಪಾನೀಯ, ಖಾರ, ಕಾಫಿ ಟೀ, ಗಾಳಿ ಆಡದ ರೂಮು, ಬಿಸಿನೀರಿನ ಸ್ನಾನ, ಟೆನ್ಷನ್ನು, ಸಿಗರೇಟು. ನಿಮ್ಮ ಪುಸ್ತಕದಲ್ಲಿ ಪದೇಪದೇ ಬಂದಿರೋ ಒಂದನ್ನ ಮಾತ್ರ ಆರಿಸಿ, ಎರಡು ವಾರ ಬಿಡಿ, ಮತ್ತೆ ಎಣಿಸಿ. ಇಳಿದ್ರೆ ಬಿಟ್ಟೇಬಿಡಿ, ಇಳೀಲಿಲ್ಲ ಅಂದ್ರೆ ಖುಷಿಯಾಗಿ ಮತ್ತೆ ಶುರು ಮಾಡಿ.

ಸುಮ್ಮನೆ ಎಲ್ಲಾ ಬಿಟ್ಟು ಉಪವಾಸ ವ್ರತ ಮಾಡೋ ಅಗತ್ಯ ಇಲ್ಲ. ಟ್ರಿಗರ್ ಬಿಡೋದ್ರಿಂದ ಎಲ್ರಿಗೂ ಹಾಟ್ ಫ್ಲ್ಯಾಶ್ ಕಡಿಮೆ ಆಗುತ್ತೆ ಅನ್ನೋಕೆ ಗಟ್ಟಿ ಸಾಕ್ಷಿ ಇಲ್ಲ, ಅಮೆರಿಕದ ಮೆನೋಪಾಸ್ ತಜ್ಞರ ಸೊಸೈಟಿ 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಟ್ರಿಗರ್ ಬಿಡೋದು, ತಣ್ಣಗೆ ಇರೋದು, ವ್ಯಾಯಾಮ, ಯೋಗ ಇವನ್ನ ಹಾಟ್ ಫ್ಲ್ಯಾಶ್‌ಗೆ ಚಿಕಿತ್ಸೆ ಅಂತ ಶಿಫಾರಸು ಮಾಡಿಲ್ಲ. ಯೋಗ, ವಾಕಿಂಗ್ ಬೇಡ ಅಂತ ಅರ್ಥ ಅಲ್ಲ, ಮೂಳೆಗೆ, ಹೃದಯಕ್ಕೆ, ಮನಸ್ಸಿಗೆ ಅವು ಬೇಕೇ ಬೇಕು. ಆದ್ರೆ ಮೂರು ತಿಂಗಳು ಯೋಗ ಮಾಡಿಯೂ ಬೆವರು ನಿಲ್ಲಲಿಲ್ಲ ಅಂದ್ರೆ ತಪ್ಪು ನಿಮ್ಮದಲ್ಲ ಅಂತ ಹೇಳೋಕೆ ಇದನ್ನ ಬರೆದೆ. ತೂಕ ಜಾಸ್ತಿ ಇರೋರಿಗೆ ತೂಕ ಇಳಿಸಿದ್ರೆ ಹಾಟ್ ಫ್ಲ್ಯಾಶ್ ಕಡಿಮೆ ಆಗೋ ಸಾಧ್ಯತೆ ಇದೆ, ಸಿಗರೇಟ್ ಬಿಡೋಕೆ ಬೇರೆ ಕಾರಣನೇ ಬೇಡ.

6. ಲೆಕ್ಕದ ಪುಸ್ತಕ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗಿ

ಒಂದು ತಿಂಗಳಲ್ಲಿ ಮೇಲಿಂದೆಲ್ಲ ಮಾಡಿಯೂ ನಿದ್ದೆ ಕೆಡ್ತಿದ್ರೆ ಇನ್ನು ಕಾಯೋದ್ರಲ್ಲಿ ಅರ್ಥ ಇಲ್ಲ. "ಒಂದೆರಡು ವರ್ಷ, ತಾನಾಗೇ ಹೋಗುತ್ತೆ" ಅಂತ ಹೇಳೋರು ಬಹಳ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನ ವರ್ಷಗಟ್ಟಲೆ ಗಮನಿಸಿದ ಸ್ವಾನ್ ಅನ್ನೋ ಅಧ್ಯಯನದಲ್ಲಿ, ಪದೇಪದೇ ಹಾಟ್ ಫ್ಲ್ಯಾಶ್ ಬರೋರಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು 7.4 ವರ್ಷಕ್ಕಿಂತ ಜಾಸ್ತಿ ಇತ್ತು, 2015ರಲ್ಲಿ ಬಂದ ವರದಿ ಅದು. ಮುಟ್ಟು ಇನ್ನೂ ಇರುವಾಗಲೇ ಶುರುವಾದವರಿಗೆ ಇನ್ನೂ ಉದ್ದ. ಏಳು ವರ್ಷ ನಿದ್ದೆ ಇಲ್ದೆ ಕಳೀರಿ ಅಂತ ಯಾರಿಗೂ ಹೇಳಬಾರದು.

ಇದಕ್ಕೆ ಅಂತಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ಕೂತ ತಕ್ಷಣ ಮೊದಲ ಮಾತೇ ಇದಾಗಿರ್ಲಿ: "ವಾರಕ್ಕೆ ಇಷ್ಟು ಹಾಟ್ ಫ್ಲ್ಯಾಶ್, ಅದರಲ್ಲಿ ಇಷ್ಟು ಜೋರು, ವಾರಕ್ಕೆ ಇಷ್ಟು ರಾತ್ರಿ ನಿದ್ದೆ ಇಲ್ಲ, ನನಗೆ ಚಿಕಿತ್ಸೆ ಬೇಕು." ಸಂಖ್ಯೆ ಹೇಳಿದಾಗ ಮಾತಿನ ತೂಕವೇ ಬೇರೆ. ಡಾಕ್ಟರಿಗೆ ಗೊತ್ತಾಗಬೇಕಾದ್ದು ಒಂದು ಹಾಳೆಲಿ ಬರ್ಕೊಂಡು ಹೋಗಿ: ಕೊನೇ ಮುಟ್ಟು ಯಾವಾಗ, ಗರ್ಭಕೋಶ ಇದೆಯಾ ತೆಗೆದಿದಾರಾ, ಸ್ತನ ಕ್ಯಾನ್ಸರ್ ಆಗಿತ್ತಾ, ಕಾಲಲ್ಲಿ ಇಲ್ಲ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಹೃದಯಾಘಾತ, ಸ್ಟ್ರೋಕ್, ಲಿವರ್ ತೊಂದರೆ, ಮೈಗ್ರೇನ್, ಬಿಪಿ, ಮನೇಲಿ ಯಾರಿಗೆ ಏನಿತ್ತು, ಈಗಿನ ಮಾತ್ರೆಗಳು.

45 ದಾಟಿ ಲಕ್ಷಣ ಸ್ಪಷ್ಟ ಇರೋರಿಗೆ ಸಾಮಾನ್ಯವಾಗಿ ಹಾರ್ಮೋನ್ ರಕ್ತಪರೀಕ್ಷೆ ಬೇಕಾಗಲ್ಲ, ಈ ವಯಸ್ಸಲ್ಲಿ ಆ ಸಂಖ್ಯೆಗಳು ದಿನಕ್ಕೊಂದು ಥರ ಇರ್ತವೆ. ಥೈರಾಯ್ಡ್, ಶುಗರ್ ಡಾಕ್ಟರ್ ನೋಡಬಹುದು. ಒಬ್ಬರು "ವಯಸ್ಸಾಯ್ತಲ್ಲ, ಸಹಿಸ್ಕೊಳ್ಳಿ" ಅಂದು ಕಳಿಸಿದ್ರೆ ಇನ್ನೊಬ್ಬರ ಹತ್ರ ಹೋಗೋದಕ್ಕೆ ಸಂಕೋಚ ಬೇಡ.

7. ಹಾರ್ಮೋನ್ ಚಿಕಿತ್ಸೆ: ಹೆದರೋ ಮುಂಚೆ ವಿಷಯ ತಿಳ್ಕೊಳ್ಳಿ

ಇರೋದ್ರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ಇದೇ, ಹಾಟ್ ಫ್ಲ್ಯಾಶ್ ಸಂಖ್ಯೆ ಸುಮಾರು 75 ಪರ್ಸೆಂಟ್ ಇಳಿಯುತ್ತೆ. ಮೈಯಲ್ಲಿ ಕಡಿಮೆಯಾದ ಈಸ್ಟ್ರೋಜನನ್ನೇ ಮಾತ್ರೆ, ಚರ್ಮಕ್ಕೆ ಅಂಟಿಸೋ ಪ್ಯಾಚು, ಜೆಲ್ ಇಲ್ಲ ಸ್ಪ್ರೇ ರೂಪದಲ್ಲಿ ಕೊಡ್ತಾರೆ. ಗರ್ಭಕೋಶ ಇರೋರಿಗೆ ಜೊತೆಗೆ ಪ್ರೊಜೆಸ್ಟೋಜನ್ ಅನ್ನೋ ಇನ್ನೊಂದು ಹಾರ್ಮೋನ್ ಕೊಡ್ಲೇಬೇಕು, ಬರೀ ಈಸ್ಟ್ರೋಜನ್ ತಗೊಂಡ್ರೆ ಗರ್ಭಕೋಶದ ಒಳಪದರ ದಪ್ಪ ಆಗಿ ಕ್ಯಾನ್ಸರ್ ಆಗೋ ಅಪಾಯ ಇದೆ. "ಒಂದು ಮಾತ್ರೆಗೆ ನಿದ್ದೆ ಬರುತ್ತೆ, ಬಿಟ್ಟೆ" ಅಂತ ಪ್ರೊಜೆಸ್ಟೋಜನ್ ಮಾತ್ರ ನಿಲ್ಲಿಸಿ ಈಸ್ಟ್ರೋಜನ್ ಮುಂದುವರಿಸೋದು ಈ ಹಂತದ ಅತಿ ಅಪಾಯದ ತಪ್ಪು. ಪಕ್ಕದ ಮನೆಯವರ ಪ್ಯಾಚ್ ಟ್ರೈ ಮಾಡೋದೂ ಅದೇ ಸಾಲಿಗೆ.

ಭಯ ಬಂದಿದ್ದು 2002ರಲ್ಲಿ, ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನೋ ದೊಡ್ಡ ಅಮೆರಿಕನ್ ಟ್ರಯಲ್‌ನ ಫಲಿತಾಂಶದಿಂದ. ಎರಡೂ ಹಾರ್ಮೋನ್ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಜನದಲ್ಲಿ ಸುಮಾರು 8 ಹೆಚ್ಚಾಗಿ ಕಂಡಿತ್ತು. ಆ ಟ್ರಯಲಿನವರ ಸರಾಸರಿ ವಯಸ್ಸು 63, ಕೊಟ್ಟಿದ್ದು ಮಾತ್ರೆ ರೂಪದ ಹಳೇ ಹಾರ್ಮೋನು. ಈಗ ತಜ್ಞರು ಹೇಳೋದು: 60ರ ಒಳಗಿನವರು, ಇಲ್ಲ ಮೆನೋಪಾಸ್ ಆಗಿ 10 ವರ್ಷ ದಾಟದೇ ಇರೋರು, ಬೇರೆ ಅಡ್ಡಿ ಇಲ್ದಿದ್ರೆ, ಲಾಭ ಅಪಾಯಕ್ಕಿಂತ ಜಾಸ್ತಿ. ಪ್ಯಾಚ್ ಮತ್ತು ಜೆಲ್‌ಗೆ ಮಾತ್ರೆಗಿಂತ ರಕ್ತ ಹೆಪ್ಪುಗಟ್ಟೋ ಅಪಾಯ ಕಡಿಮೆ, ತೂಕ ಜಾಸ್ತಿ ಇರೋರು, ಬಿಪಿ ಇರೋರು ಇದನ್ನ ಕೇಳಿ ನೋಡಿ.

ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರೋರು, ಸ್ಟ್ರೋಕ್, ಹೃದಯಾಘಾತ, ರಕ್ತ ಹೆಪ್ಪುಗಟ್ಟಿದ ಚರಿತ್ರೆ ಅಥವಾ ಸದ್ಯಕ್ಕೆ ಲಿವರ್ ಕಾಯಿಲೆ ಇರೋರಿಗೆ ಸಾಮಾನ್ಯವಾಗಿ ಇದನ್ನ ಕೊಡಲ್ಲ. ಅವರಿಗೆ ಮುಂದಿನ ಹಂತ.

ಶುರು ಮಾಡಿದ ವಾರಕ್ಕೇ ಫಲ ನೋಡ್ಬೇಡಿ. ಕೆಲವು ವಾರದಲ್ಲಿ ಇಳಿಯೋಕೆ ಶುರುವಾಗುತ್ತೆ, ಪೂರ್ತಿ ಗೊತ್ತಾಗೋಕೆ 3 ತಿಂಗಳು ಬೇಕು. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಇದು ಗರ್ಭನಿರೋಧಕ ಅಲ್ಲ. 50 ದಾಟಿದವರು ಕೊನೇ ಮುಟ್ಟಾಗಿ 1 ವರ್ಷ, 50ರ ಒಳಗಿನವರು 2 ವರ್ಷ ಗರ್ಭನಿರೋಧಕ ಬಳಸ್ಬೇಕು.

8. ಹಾರ್ಮೋನ್ ಬೇಡ, ಇಲ್ಲ ಆಗಲ್ಲ ಅಂದ್ರೆ

ಡಾಕ್ಟರ್ ಕೊಡಬಹುದಾದ್ದು ಇವು. ಕಡಿಮೆ ಡೋಸಿನ ಖಿನ್ನತೆ ಮಾತ್ರೆಗಳು, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್, ಎಸ್ಸಿಟಲೋಪ್ರಾಮ್ ಥರದ್ದು. "ನನಗೇನು ಹುಚ್ಚಾ, ಈ ಮಾತ್ರೆ ಯಾಕೆ" ಅಂತ ಚೀಟಿ ಹರಿದು ಹಾಕ್ಬೇಡಿ, ಮೆದುಳಿನ ಆ ಶಾಖದ ಜಾಗದ ಮೇಲೂ ಇವು ಕೆಲಸ ಮಾಡ್ತವೆ, ಒಂದೆರಡು ವಾರದಲ್ಲೇ ಗೊತ್ತಾಗುತ್ತೆ. ಟ್ಯಾಮಾಕ್ಸಿಫೆನ್ ತಗೋತಿರೋರು ಮಾತ್ರ ಪ್ಯಾರಾಕ್ಸೆಟಿನ್, ಫ್ಲುಯಾಕ್ಸೆಟಿನ್ ತಗೋಬಾರದು, ಕ್ಯಾನ್ಸರ್ ಔಷಧಿಯ ಶಕ್ತಿನೇ ಕುಗ್ಗಿಸಬಹುದು. ಇವನ್ನ ದಿಢೀರ್ ನಿಲ್ಲಿಸೋದೂ ಬೇಡ, ತಲೆ ಸುತ್ತು, ಕಿರಿಕಿರಿ ಬರುತ್ತೆ, ನಿಧಾನಕ್ಕೆ ಇಳಿಸ್ಬೇಕು. ಗ್ಯಾಬಾಪೆಂಟಿನ್ ನಿದ್ದೆ ತರಿಸುತ್ತೆ, ಹಾಗಾಗಿ ರಾತ್ರಿದ್ದೇ ದೊಡ್ಡ ತೊಂದರೆ ಇರೋರಿಗೆ ಮಲಗೋ ಮುಂಚೆ ಕೊಡೋದುಂಟು. ಆಕ್ಸಿಬ್ಯುಟಿನಿನ್ ಅಂತ ಮೂತ್ರಕೋಶದ ಮಾತ್ರೆ ಇದೆ, ಕೆಲಸ ಮಾಡುತ್ತೆ, ಆದ್ರೆ ಬಾಯಿ ಒಣಗುತ್ತೆ, ವಯಸ್ಸಾದವರಲ್ಲಿ ನೆನಪಿನ ಶಕ್ತಿಗೆ ತೊಂದರೆ.

ಹೊಸದು ಫೆಜೊಲಿನೆಟಾಂಟ್, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ತು. 1ನೇ ಹಂತದಲ್ಲಿ ಹೇಳಿದ ಆ ಚುರುಕಾದ ನರಕೋಶಗಳ ಸಂದೇಶನೇ ತಡೆಯುತ್ತೆ, ಹಾರ್ಮೋನ್ ಅಲ್ಲ. ಅಪರೂಪಕ್ಕೆ ಲಿವರಿಗೆ ಗಂಭೀರ ತೊಂದರೆ ಆಗಿರೋದ್ರಿಂದ 2024ರ ಕೊನೇಲಿ ದೊಡ್ಡ ಎಚ್ಚರಿಕೆ ಸೇರಿಸಿದ್ರು. ಶುರು ಮಾಡೋ ಮುಂಚೆ, ಮೊದಲ 3 ತಿಂಗಳು ತಿಂಗಳಿಗೊಮ್ಮೆ, ಆಮೇಲೆ 6 ಮತ್ತು 9ನೇ ತಿಂಗಳು ಲಿವರ್ ಟೆಸ್ಟ್ ಮಾಡಿಸಬೇಕು. ಟೆಸ್ಟ್ ಮಾಡಿಸೋಕೆ ಆಗಲ್ಲ ಅನ್ನೋರು ಈ ಮಾತ್ರೆ ಶುರು ಮಾಡದೇ ಇರೋದೇ ಒಳ್ಳೇದು. ಇದೇ ಜಾತಿಯ ಎಲಿನ್ಜಾನೆಟಾಂಟ್‌ಗೆ 2025ರಲ್ಲಿ ಕೆಲವು ದೇಶಗಳಲ್ಲಿ ಒಪ್ಪಿಗೆ ಬಂತು, ನಿಮ್ಮಲ್ಲಿ ಸಿಗುತ್ತಾ ಅಂತ ಡಾಕ್ಟರನ್ನೇ ಕೇಳಿ.

ಮಾತ್ರೆ ಇಲ್ಲದ ದಾರಿಲಿ ಗಟ್ಟಿ ಸಾಕ್ಷಿ ಇರೋದು ಎರಡಕ್ಕೆ, ಸಿಬಿಟಿ ಅನ್ನೋ ಕೌನ್ಸೆಲಿಂಗ್ ವಿಧಾನ ಮತ್ತು ತರಬೇತಿ ಪಡೆದವರು ಮಾಡೋ ಹಿಪ್ನಾಸಿಸ್. ಸಿಬಿಟಿಯಿಂದ ಸಂಖ್ಯೆ ಅಷ್ಟಾಗಿ ಇಳಿಯಲ್ಲ, ಕಾಟ ಇಳಿಯುತ್ತೆ, ನಿದ್ದೆ ಸುಧಾರಿಸುತ್ತೆ. ಅದಕ್ಕೇ ಇದನ್ನ ಅಳೆಯುವಾಗ "ಎಷ್ಟು ಸಲ" ಬಿಟ್ಟು "ಎಷ್ಟು ಕಾಟ" ಅಂತ 10ಕ್ಕೆ ಮಾರ್ಕ್ಸ್ ಹಾಕ್ಕೊಳ್ಳಿ.

ಗಿಡಮೂಲಿಕೆ, ಸೋಯಾ ಮಾತ್ರೆ, ಸಪ್ಲಿಮೆಂಟ್ ಬಗ್ಗೆ ಚಿಕ್ಕದಾಗಿ: ಮೇಲೆ ಹೇಳಿದ 2023ರ ಮಾರ್ಗಸೂಚಿ ಇವನ್ನ ಶಿಫಾರಸು ಮಾಡಲ್ಲ. ನೈಸರ್ಗಿಕ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ, ಬ್ಲ್ಯಾಕ್ ಕೊಹೊಶ್ ಅನ್ನೋ ಗಿಡಮೂಲಿಕೆ ತಗೊಂಡ ಕೆಲವರಲ್ಲಿ ಲಿವರ್ ಕೆಟ್ಟ ವರದಿ ಇದೆ. ತಗೋತಿದ್ರೆ ಡಾಕ್ಟರಿಂದ ಮುಚ್ಚಿಡ್ಬೇಡಿ.

9. ಮೂರು ತಿಂಗಳಿಗೆ ಮತ್ತೆ ಎಣಿಸಿ

ಚಿಕಿತ್ಸೆ ಶುರುವಾಗಿ 3 ತಿಂಗಳಿಗೆ ಒಂದು ವಾರ ಮತ್ತೆ ಬರ್ಕೊಳ್ಳಿ, ಹಳೇ ಲೆಕ್ಕದ ಪಕ್ಕ ಇಟ್ಟು ನೋಡಿ, ಅದನ್ನೇ ಡಾಕ್ಟರಿಗೆ ತೋರಿಸಿ. ಸಾಲದು ಅಂದ್ರೆ ಡೋಸ್ ಬದಲಾಯಿಸಬಹುದು, ಮಾತ್ರೆಯಿಂದ ಪ್ಯಾಚಿಗೆ ಹೋಗಬಹುದು, ಔಷಧಿನೇ ಬೇರೆ ಮಾಡಬಹುದು. ಮೊದಲನೇದು ಆಗ್ಲಿಲ್ಲ ಅಂತ ಇಡೀ ಪ್ರಯತ್ನ ಕೈಬಿಡೋದು ಬೇಡ. ಸರಿಹೋದ್ಮೇಲೆ ವರ್ಷಕ್ಕೊಮ್ಮೆ ಆದ್ರೂ ಡಾಕ್ಟರ್ ನೋಡ್ಲಿ. ಹಾರ್ಮೋನ್ ನಿಲ್ಲಿಸಿದಾಗ ಸುಮಾರು ಅರ್ಧ ಜನಕ್ಕೆ ಹಾಟ್ ಫ್ಲ್ಯಾಶ್ ವಾಪಸ್ ಬರುತ್ತೆ, ಬಂದ್ರೆ ಮತ್ತೆ ಮಾತಾಡಿ.

ಕಾಯಬಾರದ ಲಕ್ಷಣಗಳು

ಬೆವರಿನ ಜೊತೆ ಎದೆನೋವು, ಎದೆ ಬಿಗಿತ, ಉಸಿರಾಡೋಕೆ ಕಷ್ಟ, ದವಡೆ ಇಲ್ಲ ಎಡಗೈ ಸೆಳೆತ ಬಂದ್ರೆ ಹಾಟ್ ಫ್ಲ್ಯಾಶ್ ಅನ್ಕೊಂಡು ಮಲಗ್ಬೇಡಿ, ತಕ್ಷಣ ಎಮರ್ಜೆನ್ಸಿಗೆ. ಹೆಂಗಸರಲ್ಲಿ ಹೃದಯಾಘಾತ ಬರೀ ಬೆವರು, ವಾಕರಿಕೆ, ವಿಪರೀತ ಸುಸ್ತಿನ ರೂಪದಲ್ಲೂ ಬರುತ್ತೆ.

ಒಂದೇ ಕಾಲು ಊದಿ ನೋವು, ಮಾತು ತೊದಲೋದು, ಮುಖ ಒಂದು ಕಡೆ ಸೊಟ್ಟ ಆಗೋದು, ಇದೂ ಎಮರ್ಜೆನ್ಸಿ, ಹಾರ್ಮೋನ್ ತಗೋತಿರೋರು ಇದನ್ನ ಬಾಯಿಪಾಠ ಮಾಡ್ಕೊಳ್ಳಿ.

ಕಣ್ಣು, ಚರ್ಮ ಹಳದಿ, ಮೂತ್ರ ಗಾಢ ಬಣ್ಣ, ಮೈಯೆಲ್ಲಾ ತುರಿಕೆ ಅಂದ್ರೆ ಫೆಜೊಲಿನೆಟಾಂಟ್ ಆಗ್ಲಿ ಗಿಡಮೂಲಿಕೆ ಆಗ್ಲಿ ಅವತ್ತೇ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ.

ರಾತ್ರಿ ಬೆವರಿನ ಜೊತೆ ಜ್ವರ, ಕಾರಣ ಇಲ್ದೆ ತೂಕ ಇಳಿಯೋದು, ಬಿಡದ ಕೆಮ್ಮು, ಕತ್ತಲ್ಲೋ ಕಂಕುಳಲ್ಲೋ ಗಂಟು ಇದ್ರೆ ಟಿಬಿ, ಲಿಂಫೋಮಾ ಅನ್ನೋ ಕ್ಯಾನ್ಸರ್ ಥರದ್ದು ಇಲ್ಲ ಅಂತ ಖಚಿತ ಮಾಡ್ಕೋಬೇಕು. ಮುಖ ಕೆಂಪಾಗಿ ಬಿಸಿ ಆಗುತ್ತೆ ಆದ್ರೆ ಬೆವರೇ ಇಲ್ಲ, ಜೊತೆಗೆ ಭೇದಿ, ಅಥವಾ ಬೆವರಿನ ಜೊತೆ ತಲೆ ಸಿಡಿಯೋ ನೋವು, ಬಿಪಿ ಆಕಾಶಕ್ಕೆ ಅಂದ್ರೂ ಹೇಳಿ, ಬಿಪಿ ಮಷೀನ್ ಇದ್ರೆ ಆಗಲೇ ನೋಡಿ ಬರ್ಕೊಳ್ಳಿ.

ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡ್ರೂ ಸ್ತ್ರೀರೋಗ ತಜ್ಞರಿಗೆ ತೋರಿಸ್ಬೇಕು, ನೋವಿಲ್ಲ, ಒಂದೇ ದಿನ ಬಂತು, ತಾನಾಗೇ ನಿಲ್ತು ಅಂದ್ರೂ. ಹಾರ್ಮೋನ್ ಹೊಸದಾಗಿ ಶುರು ಮಾಡಿದವರಿಗೆ ಮೊದಲ 3ರಿಂದ 6 ತಿಂಗಳು ಅಲ್ಪಸ್ವಲ್ಪ ಕಾಣಿಸ್ಕೊಳ್ಳೋದು ಸಾಮಾನ್ಯ, ಆದ್ರೂ ಫೋನ್ ಮಾಡಿ ತಿಳಿಸಿ. 6 ತಿಂಗಳು ದಾಟಿಯೂ ಬರ್ತಿದ್ರೆ, ಇಲ್ಲ ಜೋರಾಗಿ ಹೋಗ್ತಿದ್ರೆ, ಸ್ಕ್ಯಾನ್ ಮಾಡಿಸೋವರೆಗೂ ಬಿಡ್ಬೇಡಿ.